ಆಯದಿಂದ ಬಿಲ್ಲಿಗೆ: ರಿಪೇರಿ ಕೈಗಳ ಒಂದು ಚರಿತ್ರೆ

ಕಟ್ಟಿದವನಿಗೆ ಚರಿತ್ರೆಯುಂಟು. ಕೆಡವಿದವನಿಗೂ ಉಂಟು. ರಿಪೇರಿ ಮಾಡಿದವನಿಗೆ ಇಲ್ಲ. ಕೆರೆ ಕಟ್ಟಿಸಿದವನ ಹೆಸರಿನಲ್ಲಿ ಕಲ್ಲು ನಿಂತಿರುತ್ತದೆ. ಏರಿ ಬಿರಿದ ರಾತ್ರಿ ಮಣ್ಣು ಹೊತ್ತು ತಂದು ಸುರಿದವರ ಹೆಸರು ಹುಡುಕಿ ನೋಡಿ, ಸಿಗುವುದು ಕಷ್ಟ. ಕಂಪ್ಯೂಟರಿನ ಕತೆಯನ್ನೂ ನಮಗೆ ಹೀಗೇ ಹೇಳಿಕೊಟ್ಟಿದ್ದಾರೆ. ಕಂಪನಿ ಕಟ್ಟಿದವರ ಜೀವನ ಚರಿತ್ರೆಗಳು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲೂ ತೂಗುತ್ತವೆ. ತಾಲೂಕು ಪೇಟೆಯ ಓಣಿಯೊಳಗೆ ಸತ್ತು ಬಿದ್ದ ಕಂಪ್ಯೂಟರನ್ನು ಬಿಚ್ಚಿ, ಧೂಳು ಊದಿ, ಬೆಸುಗೆ ಹಾಕಿ ಎಬ್ಬಿಸಿ ಕೂರಿಸಿದವರ ಬಗ್ಗೆ ಒಂದು ಪುಟವೂ ಇಲ್ಲ.

ಈಗ ನಮ್ಮ ಕೇರಿಗಳಲ್ಲಿ ಐಟಿಐ ಮುಗಿಸಿದವರು, ಡಿಗ್ರಿ ಮುಗಿಸಿ ಕೆಲಸ ಸಿಗದವರು, ಮನೆಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಕಂಪ್ಯೂಟರು ರಿಪೇರಿ ಶುರು ಮಾಡುತ್ತಿದ್ದಾರೆ. ಅವರಲ್ಲಿ ನಾವೂ ಇದ್ದೇವೆ. "ಇದೆಲ್ಲ ನಿಮ್ಮ ಕೈಲಾಗುತ್ತೇನ್ರಪ್ಪಾ, ನಿಮಗಿದು ಹೊಸಾದು" ಅಂತ ಕನಿಕರ ತೋರಿಸುವ ಹಿರಿಯರಿದ್ದಾರೆ. ಹೊಸದಲ್ಲ ಸ್ವಾಮಿ. ಎಷ್ಟು ಹಳೆಯದು ಎಂದು ಹೇಳುವುದಕ್ಕೇ ಈ ಬರಹ.

ಆಯ ಎಂಬ ಕರಾರು

ಹಟ್ಟಿಯಿಂದಲೇ ಶುರು ಮಾಡೋಣ. ಹಳೇ ಮೈಸೂರು ಸೀಮೆಯ ಬೇಸಾಯ ನಡೆಯಬೇಕಾದರೆ ಚರ್ಮದ ಕೆಲಸ ಬೇಕೇ ಬೇಕಿತ್ತು. ಕಪಿಲೆಯ ಬಾನಿ ಹರಿದರೆ ಬಾವಿಯ ನೀರು ಮೇಲೆ ಬಾರದು. ಮಿಣಿ ಕಿತ್ತರೆ ಎತ್ತು ನೊಗಕ್ಕೆ ನಿಲ್ಲದು. ಎಕ್ಕಡ ಕಿತ್ತರೆ ಗೌಡ ಹೊಲಕ್ಕೆ ಇಳಿಯ. ಹೊಸದು ಮಾಡಿಕೊಡುವುದು ವರ್ಷಕ್ಕೆ ಒಂದೆರಡು ಸಲ. ಕಿತ್ತದ್ದನ್ನು ಹೊಲಿದುಕೊಡುವ ಕೆಲಸ ವರ್ಷವಿಡೀ. ಉಳಿ, ರಂಪಿಗೆ ಹಿಡಿದ ಮಾದಿಗ ಕೇರಿಯ ಮುತ್ತಾತಂದಿರೇ ಊರಿನ ಮೊದಲ ರಿಪೇರಿಗಾರರು.

ಈ ಕೆಲಸಕ್ಕೆ ರೇಟಿರಲಿಲ್ಲ. ಸುಗ್ಗಿಯಲ್ಲಿ ಕಣದ ಅಂಚಿಗೆ ಬಂದು ನಿಂತರೆ ಇಷ್ಟು ಮೊರ ರಾಗಿ, ಇಷ್ಟು ಹೊರೆ ಹುಲ್ಲು. ಅದಕ್ಕೆ ಆಯ ಅಂತ ಹೆಸರು. ವರ್ಷಕ್ಕೊಂದು ಸಲ ಕೊಡುವುದು, ವರ್ಷವೆಲ್ಲ ದುಡಿಸಿಕೊಳ್ಳುವುದು. ಇವತ್ತು ಪೇಟೆಯ ಕಂಪ್ಯೂಟರು ರಿಪೇರಿಯವರು ಆಫೀಸು, ಶಾಲೆ, ಆಸ್ಪತ್ರೆಗಳ ಜೊತೆ ಎ.ಎಂ.ಸಿ. ಮಾಡಿಕೊಳ್ಳುತ್ತಾರಲ್ಲ, ವಾರ್ಷಿಕ ನಿರ್ವಹಣೆಯ ಕರಾರು, ಅದರ ಲೆಕ್ಕವೂ ಹೀಗೇ ಇದೆ. ವರ್ಷಕ್ಕೆ ಇಂತಿಷ್ಟು ದುಡ್ಡು; ಎಷ್ಟು ಸಲ ಕೆಟ್ಟರೂ ಬಂದು ನೋಡಬೇಕು.

ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಎ.ಎಂ.ಸಿ.ಗೆ ಇಬ್ಬರೂ ಸಹಿ ಹಾಕುತ್ತಾರೆ. ವರ್ಷ ತುಂಬಿದ ಮೇಲೆ ದರ ಏರಿಸಬಹುದು. 'ಇನ್ನು ಮುಂದೆ ಆಗೋದಿಲ್ಲ ಸಾರ್' ಅಂತ ಎದ್ದು ಬರಬಹುದು. ಆಯಕ್ಕೆ ಸಹಿ ಇರಲಿಲ್ಲ. ಹುಟ್ಟಿದ್ದೇ ಸಹಿ. ಒಲ್ಲೆ ಎಂದವನಿಗೆ ನೀರಿಲ್ಲ, ಬೆಂಕಿಯಿಲ್ಲ, ಕಣದಲ್ಲಿ ಕಾಳಿಲ್ಲ. ಒಂದೇ ಬಗೆಯ ಕೆಲಸ ಒಬ್ಬನಿಗೆ ಉದ್ಯೋಗವಾಗಿ ಇನ್ನೊಬ್ಬನಿಗೆ ಜೀತವಾಗುವುದು ಈ 'ಒಲ್ಲೆ'ಯ ಹಕ್ಕಿನಿಂದ. ಈ ಮಾತನ್ನು ನೆನಪಿನಲ್ಲಿಡಿ, ಕಂಪ್ಯೂಟರಿನ ಕಾಲಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

1961ರಲ್ಲಿ ಮೈಸೂರು ರಾಜ್ಯ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ಮಾಡಿತು. 1963ರಿಂದ ಜಾರಿಗೆ ಬಂತು. ಪಟೇಲ, ಶ್ಯಾನುಭೋಗರ ವಂಶಪಾರಂಪರ್ಯ ಹೋದ ಹಾಗೆಯೇ ತೋಟಿ, ತಳವಾರ, ನೀರಗಂಟಿಗಳದ್ದೂ ಕಾಗದದ ಮೇಲೆ ಹೋಯಿತು. ಆದರೆ ಎಕ್ಕಡ ಹೊಲಿಯುವವನ ಆಯಕ್ಕೆ ಕೊಡಲಿ ಹಾಕಿದ್ದು ಪಂಪ್‌ಸೆಟ್ಟು ಮತ್ತು ಪ್ಲಾಸ್ಟಿಕ್ ಚಪ್ಪಲಿ. ಕರೆಂಟು ಬಂತು, ಕಪಿಲೆ ನಿಂತಿತು, ಬಾನಿ ಮೂಲೆ ಸೇರಿತು. ಕಸುಬು ಹೋಯಿತು. ಕಸುಬಿನ ಹೆಸರಿನ ಬೈಗುಳ ಮಾತ್ರ ಹಾಗೇ ಉಳಿಯಿತು.

ಯಂತ್ರಕ್ಕೆ ನಾವು ಹೊಸಬರಲ್ಲ

ದಲಿತರಿಗೆ ಯಂತ್ರ ಗೊತ್ತಿಲ್ಲ ಎಂಬುದು ಪೇಟೆಯವರು ಕಟ್ಟಿದ ಕತೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಅರಮನೆಗಲ್ಲ, ಬೆಂಗಳೂರಿಗೂ ಅಲ್ಲ. ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಗಣಿಯ ಆಳಕ್ಕೆ ಇಳಿದವರು ಯಾರು? ತಮಿಳು, ತೆಲುಗು ಸೀಮೆಗಳಿಂದ ಬಂದ ಹೊಲೆಯ ಮಾದಿಗ ಕುಲದವರೇ ಅವರಲ್ಲಿ ಹೆಚ್ಚು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಡ್ರಿಲ್ಲು ಹಿಡಿದವರು, ಪಂಪು ನಡೆಸಿದವರು, ತಂತಿ ಎಳೆದವರು. ಭೂಮಿಯೊಳಗೆ ಅವರ ತಲೆಯ ಮೇಲೆ ವಿದ್ಯುತ್ತು ಹರಿಯುತ್ತಿತ್ತು. ಮೇಲೆ ಬಂದರೆ ಬಿದಿರ ತಟ್ಟಿಯ ಗುಡಿಸಲು. ಯಂತ್ರ ಬಂದ ಮಾತ್ರಕ್ಕೆ ಜಾತಿ ಹೋಗುವುದಿಲ್ಲ ಎನ್ನುವುದಕ್ಕೆ ಈ ಗಣಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ಗಣಿ 2001ರಲ್ಲಿ ಮುಚ್ಚಿತು.

ಆಮೇಲೆ ರೇಡಿಯೋ ಬಂತು, ಟ್ರಾನ್ಸಿಸ್ಟರು ಬಂತು. 1982ರಲ್ಲಿ ಬಣ್ಣದ ಟೀವಿ ಬಂತು. ಸಂತೆ ಊರುಗಳಲ್ಲಿ ರೇಡಿಯೋ ರಿಪೇರಿ ಅಂಗಡಿಗಳು ಎದ್ದವು. ಕೈಯಲ್ಲಿ ಕಾದ ಕಬ್ಬಿಣ, ಮೂಗಿಗೆ ರಾಳದ ಹೊಗೆ. ಈ ಬೆಂಚಿನ ಮೇಲೆ ಕಲಿತ ಕೈಗಳೇ ಮುಂದೆ ಕಂಪ್ಯೂಟರಿಗೂ ತಿರುಗಿದವು.

ಗರ್ಭಗುಡಿಯ ಕಂಪ್ಯೂಟರು

ಕಂಪ್ಯೂಟರು ಈ ದೇಶಕ್ಕೆ ಬಂದಾಗ ಅದು ಮನೆಯ ವಸ್ತುವಲ್ಲ. 1956ರ ಹೊತ್ತಿಗೆ ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಬ್ರಿಟನ್ನಿನಿಂದ ತಂದ ಒಂದು. 1960ರಲ್ಲಿ ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಇಲ್ಲಿಯವರೇ ಕಟ್ಟಿದ ಟಿಫ್ರ್ಯಾಕ್ ಇನ್ನೊಂದು. ಆಮೇಲೆ ಐಬಿಎಂನ ಕಾಲ. ತಣ್ಣನೆಯ ಕೋಣೆ, ಗಾಜಿನ ಗೋಡೆ, ಬಾಗಿಲ ಹೊರಗೆ ಚಪ್ಪಲಿ. ಒಳಗೆ ಹೋಗುವ ಹಕ್ಕು ಕೆಲವರಿಗೆ ಮಾತ್ರ. ನಮಗಂತೂ ಇಂಥ ಕೋಣೆಯನ್ನು ಗುರುತಿಸುವುದು ಕಷ್ಟವಲ್ಲ. ನಮ್ಮೂರಲ್ಲೂ ಒಂದಿದೆ, ಅದರೊಳಗೆ ಕಲ್ಲಿದೆ.

ಐಬಿಎಂ ಯಂತ್ರವನ್ನು ಹೆಚ್ಚಾಗಿ ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಬಾಡಿಗೆಯ ಯಂತ್ರವನ್ನು ಮುಟ್ಟಿ ಬಿಚ್ಚುವವನು ಅದರ ಸ್ವಂತ ಇಂಜಿನಿಯರು. ಅಮೆರಿಕದಲ್ಲಿ ಈ ಪಟ್ಟಿನ ಮೇಲೆ ಅಲ್ಲಿನ ಸರ್ಕಾರವೇ ಕೇಸು ಹಾಕಿತ್ತು. 1956ರಲ್ಲಿ ಐಬಿಎಂ ನ್ಯಾಯಾಲಯದ ಮುಂದೆ ಒಪ್ಪಿಕೊಂಡಿತು: ಬಾಡಿಗೆ ಮಾತ್ರವಲ್ಲ, ಯಂತ್ರವನ್ನು ಮಾರಲೂ ಬೇಕು, ಹೊರಗಿನ ರಿಪೇರಿಯವರಿಗೆ ಬಿಡಿಭಾಗ, ತಾಂತ್ರಿಕ ಮಾಹಿತಿ ಎರಡನ್ನೂ ಕೊಡಬೇಕು. ರಿಪೇರಿಯ ಹಕ್ಕು ಅಂತ ಇವತ್ತು ಕೂಗುತ್ತಿರುವ ಕೂಗಿಗೆ ಎಪ್ಪತ್ತು ವರ್ಷದ ಬೇರಿದೆ ಎಂದು ನಮ್ಮ ಗೆಳೆಯರು ತಿಳಿಯಬೇಕು.

ಇಂಡಿಯಾದಲ್ಲಿ ಅದೇ ಕಂಪನಿ ಬೇರೆ ದೇಶಗಳಲ್ಲಿ ಬಳಸಿ ಬಿಟ್ಟ 1401 ಎಂಬ ಯಂತ್ರಗಳನ್ನು ಬೊಂಬಾಯಿಯಲ್ಲಿ ತೊಳೆದು, ಸರಿಪಡಿಸಿ, ಬಾಡಿಗೆಗೆ ಬಿಡುತ್ತಿತ್ತು. ನೋಡಿ, ಸಾಮ್ರಾಜ್ಯವೂ ರಿಪೇರಿಯಿಂದಲೇ ಲಾಭ ತೆಗೆಯಿತು. 1975-76ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದನ್ನು ಖಂಡಿಸಿತು. 1973ರ ವಿದೇಶಿ ವಿನಿಮಯ ಕಾಯಿದೆ ಪರದೇಶಿ ಪಾಲನ್ನು ಶೇಕಡಾ 40ಕ್ಕೆ ಇಳಿಸು ಅಂದಿತು. ಐಬಿಎಂ ಒಪ್ಪಲಿಲ್ಲ. 1978ರಲ್ಲಿ ಗಂಟುಮೂಟೆ ಕಟ್ಟಿತು.

ಹೋದವರೇನೋ ಹೋದರು, ಯಂತ್ರಗಳು ಇಲ್ಲೇ ಉಳಿದವು. ಕೆಟ್ಟರೆ ನೋಡುವವರು ಯಾರು? ಆಗ ಎದ್ದು ನಿಂತದ್ದು 1975ರಲ್ಲಿ ಸರ್ಕಾರ ಕಟ್ಟಿದ ಸಂಸ್ಥೆ. ಅದರ ಹೆಸರೇ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಶನ್, ಸಿಎಂಸಿ. ದೇಶದ 800ಕ್ಕೂ ಹೆಚ್ಚು ಕಡೆಗಳಲ್ಲಿ ಐಬಿಎಂ ಯಂತ್ರಗಳ ನಿರ್ವಹಣೆಯನ್ನು ಅದು ವಹಿಸಿಕೊಂಡಿತು. ಕಟ್ಟಿದವರು ಬಿಟ್ಟುಹೋದ ಮೇಲೂ ಯಂತ್ರ ನಡೆಯುತ್ತದೆ, ರಿಪೇರಿ ಬಲ್ಲವರಿದ್ದರೆ. ರಿಪೇರಿಯಿಂದ ಹುಟ್ಟಿದ ಈ ಸಂಸ್ಥೆಯೇ 1980ರ ದಶಕದಲ್ಲಿ ರೈಲ್ವೆ ಟಿಕೆಟು ಕಾದಿರಿಸುವ ಕಂಪ್ಯೂಟರು ವ್ಯವಸ್ಥೆಯನ್ನು ಕಟ್ಟಿಕೊಟ್ಟಿತು. ಇನ್ನೊಂದು ಮಾತು: ಅದು ಸಾರ್ವಜನಿಕ ಉದ್ದಿಮೆ, ಮೀಸಲಾತಿ ಇದ್ದ ಜಾಗ. 2001ರಲ್ಲಿ ಸರ್ಕಾರ ಅದನ್ನು ಟಾಟಾ ಕೈಗೆ ಮಾರಿತು. 2015ರಲ್ಲಿ ಅದು ಟಿಸಿಎಸ್‌ನಲ್ಲಿ ಕರಗಿತು. ಮಾರಿದ್ದು ಬರೀ ಷೇರುಗಳನ್ನಲ್ಲ. ನಮ್ಮವರು ಕಾನೂನಿನ ಬಲದಿಂದ ಒಳಗೆ ಹೋಗಬಹುದಾಗಿದ್ದ ಒಂದು ಬಾಗಿಲನ್ನೂ ಮಾರಿದರು.

ಅದೇ ಕಾಲದಲ್ಲಿ ಕಾರ್ಮಿಕ ಸಂಘಗಳು ಕಂಪ್ಯೂಟರನ್ನು ವಿರೋಧಿಸಿದವು. 1960ರ ದಶಕದಲ್ಲಿ ಕಲ್ಕತ್ತದ ಇಲಾಕೊ ಕಟ್ಟಡದ ಮುಂದೆ ಜೀವವಿಮಾ ನೌಕರರು ಹಗಲೂ ರಾತ್ರಿ ಕಾವಲು ಕೂತರು. ಬ್ಯಾಂಕು ನೌಕರರ ಸಂಘಗಳು 1983ರಲ್ಲಿ ಮಿತವಾಗಿ ಒಪ್ಪಂದಕ್ಕೆ ಬಂದವು. ಅವರ ಭಯ ಸುಳ್ಳಲ್ಲ, ಹೊಟ್ಟೆಪಾಡಿನ ಭಯ. ಆದರೆ ಯಂತ್ರವೇ ಶತ್ರು ಎಂಬ ಮಾತನ್ನು ನಾವು ಒಪ್ಪಲಾರೆವು. ತಪ್ಪು ಯಂತ್ರದ್ದಲ್ಲ, ಅದರ ಫಲವನ್ನು ಕೆಲವರೇ ಬಾಚಿಕೊಳ್ಳುವ ಸಮಾಜದ್ದು ಎಂಬುದು ಬಾಬಾಸಾಹೇಬರ ನಿಲುವು. ತಲೆಮಾರುಗಳಿಂದ ಮೈಮುರಿದು ದುಡಿದವರು ಯಂತ್ರಕ್ಕೆ ಯಾಕೆ ಹೆದರಬೇಕು?

ಬೀದಿಗೆ ಬಂದ ಯಂತ್ರ

1981ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಬಂತು. ಅವಸರದಲ್ಲಿ ಕಟ್ಟಿದ ಯಂತ್ರ. ಒಳಗಿನ ಭಾಗಗಳು ಬಹುಪಾಲು ಬೇರೆ ಕಂಪನಿಗಳವು, ಪೇಟೆಯಲ್ಲಿ ಸಿಗುವಂಥವು. ಅದರ ಸರ್ಕ್ಯೂಟು ನಕ್ಷೆಗಳನ್ನು ಕಂಪನಿಯೇ ಅಚ್ಚು ಹಾಕಿಸಿ ಮಾರಿತು. ಹೀಗಾಗಿ 1982-83ರ ಹೊತ್ತಿಗೆ ಅದರ ತದ್ರೂಪು ಯಂತ್ರಗಳು ಬಂದವು. ಇದು ದೊಡ್ಡ ತಿರುವು. ಮಂತ್ರ ಪುಸ್ತಕ ಬೀದಿಗೆ ಬಂದ ಹಾಗೆ. ಸ್ಕ್ರೂಡ್ರೈವರು ಹಿಡಿಯಬಲ್ಲ ಯಾರು ಬೇಕಾದರೂ ಮುಚ್ಚಳ ತೆಗೆದು ಒಳಗೇನಿದೆ ನೋಡಬಹುದು. ಕೆಟ್ಟ ಭಾಗ ಕಿತ್ತು ಇನ್ನೊಂದು ಕಂಪನಿಯ ಭಾಗ ಹಾಕಬಹುದು. ಮನೆಯಲ್ಲೇ ಕೂತು ಕಂಪ್ಯೂಟರು ರಿಪೇರಿ ಮಾಡಿ ಬದುಕಬಹುದು ಎಂಬ ಮಾತು ಸಾಧ್ಯವಾದದ್ದು ಈ ತೆರೆದ ಮುಚ್ಚಳದಿಂದ.

ಅಮೆರಿಕದವರು ಇದರ ಸುತ್ತ ಒಂದು ಪುರಾಣ ಕಟ್ಟಿದ್ದಾರೆ. ಎಲ್ಲವೂ ಗ್ಯಾರೇಜಿನಲ್ಲಿ ಹುಟ್ಟಿತಂತೆ. 1975ರಲ್ಲಿ ಕ್ಯಾಲಿಫೋರ್ನಿಯಾದ ಹವ್ಯಾಸಿಗಳ ಕೂಟ ಒಂದು ಗ್ಯಾರೇಜಿನಲ್ಲಿ ಮೊದಲು ಸೇರಿತು. 1984ರಲ್ಲಿ ಮೈಕೇಲ್ ಡೆಲ್ ಎಂಬ ವಿದ್ಯಾರ್ಥಿ ಟೆಕ್ಸಾಸಿನ ತನ್ನ ಕೋಣೆಯಲ್ಲಿ ಪಿಸಿಗಳಿಗೆ ಹೆಚ್ಚಿನ ಭಾಗ ಜೋಡಿಸಿ ಮಾರುತ್ತ 1,000 ಡಾಲರಿನಲ್ಲಿ ಕಂಪನಿ ತೆರೆದ. ಇವೆಲ್ಲ ನಿಜವೇ. ಆದರೆ ಗ್ಯಾರೇಜು ಅಂದರೇನು? ಕಾರಿದ್ದವನ ಮನೆಯಲ್ಲಿ ಕಾರಿಗೆಂದೇ ಇರುವ ಒಂದು ಕೋಣೆ. ಜನತಾ ಮನೆಯ ಒಂದೇ ಅಂಕಣದಲ್ಲಿ ಅಡುಗೆ, ಮಲಗು, ಓದು, ಬಾಣಂತನ ಎಲ್ಲ ನಡೆಸಿದವರಿಗೆ ಆ ಪುರಾಣ ಹೇಳಬಾರದು.

ಇಲ್ಲಿ 1984ರ ನವೆಂಬರಿನಲ್ಲಿ ಹೊಸ ಕಂಪ್ಯೂಟರು ನೀತಿ ಬಂತು. ಆಮದಿನ ಕಟ್ಟು ಸಡಿಲವಾಯಿತು. 1997ರಲ್ಲಿ ಇಂಡಿಯಾ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಹಾಕಿತು; 2005ರ ಹೊತ್ತಿಗೆ ಈ ಸಾಮಾನುಗಳ ಮೇಲಿನ ಸುಂಕ ಇಳಿದು ಹೋಯಿತು. ಡೆಲ್ಲಿಯ ನೆಹರೂ ಪ್ಲೇಸ್, ಬೊಂಬಾಯಿಯ ಲ್ಯಾಮಿಂಗ್ಟನ್ ರೋಡ್, ಮದರಾಸಿನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರೋಡು, ಇವು ಕಂಪ್ಯೂಟರಿನ ಸಂತೆಗಳಾದವು. ತಾಲೂಕುಗಳಿಂದ ಹುಡುಗರು ಬೆಳಗಿನ ಬಸ್ಸಿಗೆ ಹೋಗಿ, ಮಾರ್ಕೆಟ್ಟಿನ ಹತ್ತಿರ ಇಳಿದು, ಎಸ್.ಪಿ. ರೋಡಿನಲ್ಲಿ ಮದರ್‌ಬೋರ್ಡು, ರ‍್ಯಾಮು, ಎಸ್.ಎಂ.ಪಿ.ಎಸ್. ಕೊಂಡು, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಬ್ರ್ಯಾಂಡು ಕೊಳ್ಳಲಾಗದ ಮನೆಗಳಿಗೆ ಕಂಪ್ಯೂಟರು ಮುಟ್ಟಿಸಿದ್ದು ಈ 'ಅಸೆಂಬಲ್ಡು' ಯಂತ್ರ.

ಇದರ ಶಾಸ್ತ್ರ ಕಲಿತದ್ದು ಹೆಚ್ಚಾಗಿ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ. ಗುಂಡಿ ಒತ್ತಿದರೆ ಯಂತ್ರ ಕೂಗಿ ಸುಮ್ಮನಾಯಿತೆ? ರ‍್ಯಾಮು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ಲಿನ ರಬ್ಬರಿನಿಂದ ಉಜ್ಜಿ ಹಾಕು. ದಿನವೂ ತಾರೀಖು ತಪ್ಪುತ್ತಿದೆಯೆ? ಬಿಲ್ಲೆಯಂಥ 3 ವೋಲ್ಟಿನ ಬ್ಯಾಟರಿ ಸತ್ತಿದೆ, ಬದಲಿಸು. ಎಸ್.ಎಂ.ಪಿ.ಎಸ್. ನೋಡಬೇಕೆ? ಹಳದಿ ವೈರಿನಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟು ಬರಬೇಕು. ಆದರೆ ಅದರ ಡಬ್ಬಿ ಮಾತ್ರ ತೆರೆಯಬೇಡ. ಪ್ಲಗ್ಗು ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಮೇಲೆ ಕಾದು ಕೂತಿರಬಹುದು. ಹಳೆಯ ಗಾಜಿನ ಮಾನಿಟರಿನಲ್ಲಂತೂ 20 ಸಾವಿರ ವೋಲ್ಟಿನ ಮೃತ್ಯು ಇರುತ್ತಿತ್ತು. 1999ರಿಂದ ಕೆಲವು ವರ್ಷ ಕೆಟ್ಟ ದ್ರವ ತುಂಬಿದ ಕೆಪಾಸಿಟರುಗಳು ಜಗತ್ತಿನ ಲೆಕ್ಕವಿಲ್ಲದಷ್ಟು ಮದರ್‌ಬೋರ್ಡುಗಳ ಮೇಲೆ ಉಬ್ಬಿ ಒಡೆದವು. ಕಂಪನಿಗಳು 'ಬೋರ್ಡೇ ಬದಲಿಸಿ' ಅಂದವು. ರಿಪೇರಿಯವನು ಕೆಲವೇ ರೂಪಾಯಿಯ ಕೆಪಾಸಿಟರು ಹಾಕಿ ಅದೇ ಬೋರ್ಡನ್ನು ಎಬ್ಬಿಸಿದ. ಬಡವರ ಕಂಪ್ಯೂಟರು ಬದುಕಿದ್ದು ಇಂಥವರಿಂದ.

ತಲೆಯ ಕೆಲಸ, ಕೈಯ ಕೆಲಸ

2001ರಲ್ಲಿ ಕರ್ನಾಟಕದಲ್ಲಿ 'ಭೂಮಿ' ಬಂತು. ಪಹಣಿ ಕಂಪ್ಯೂಟರಿಗೆ ಏರಿತು. ಶ್ಯಾನುಭೋಗರ ಕೈಬರಹಕ್ಕೆ ಕೈಮುಗಿದು ನಿಲ್ಲುತ್ತಿದ್ದ ರೈತ 15 ರೂಪಾಯಿ ಕೊಟ್ಟು ಅಚ್ಚಾದ ಹಾಳೆ ಪಡೆದ. ಇದು ಸಣ್ಣ ಮಾತಲ್ಲ. ಅದೇ ವರ್ಷ ಸರ್ಕಾರಿ ಹೈಸ್ಕೂಲುಗಳಿಗೆ 'ಮಾಹಿತಿ ಸಿಂಧು' ಯೋಜನೆಯಲ್ಲಿ ಕಂಪ್ಯೂಟರು ಬಂದವು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಗುತ್ತಿಗೆ ಮುಗಿಯಿತು, ಕಂಪನಿಯವರು ಹೋದರು. ಎಷ್ಟೋ ಶಾಲೆಗಳಲ್ಲಿ ಯಂತ್ರಗಳು ಬಟ್ಟೆ ಹೊದ್ದು ಕೂತವು. ಇದನ್ನು ನಮ್ಮ ಮೇಷ್ಟ್ರುಗಳಿಗೆ ನಾವು ಹೇಳಬೇಕಾಗಿಲ್ಲ. ಯಂತ್ರ ಕೊಳ್ಳುವುದಕ್ಕೆ ಉದ್ಘಾಟನೆ ಇದೆ, ರಿಬ್ಬನ್ನಿದೆ. ರಿಪೇರಿಗೆ ಬಜೆಟ್ಟಿಲ್ಲ.

ಈ ನಡುವೆ ಹೊಸದೊಂದು ವರ್ಣಾಶ್ರಮ ಎದ್ದಿತು. ಸಾಫ್ಟ್‌ವೇರು ಅಂದರೆ ತಲೆ. ಹಾರ್ಡ್‌ವೇರು ಅಂದರೆ ಕೈ. ತಲೆಗೆ ಸಂಬಳ, ವಿಮಾನ. ಕೈಗೆ ಧೂಳು, ದಿನಗೂಲಿ. 2000ದ ದಶಕದಲ್ಲಿ ಕ್ಯಾರಲ್ ಉಪಾಧ್ಯ ಅವರು ಬೆಂಗಳೂರಿನ ಸಾಫ್ಟ್‌ವೇರು ಕೆಲಸಗಾರರ ಬಗ್ಗೆ ನಡೆಸಿದ ಅಧ್ಯಯನದಲ್ಲಿ ಹೆಚ್ಚಿನವರು ಪೇಟೆಯ, ಓದಿದ, ಮೇಲ್ಜಾತಿ ಮನೆಗಳವರೇ ಎಂದು ಕಂಡುಬಂತು. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಪ್ರಕಟಿಸಿದ ಅಧ್ಯಯನ ಇನ್ನೂ ಸ್ಪಷ್ಟ: ಒಂದೇ ಯೋಗ್ಯತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದರೆ, ದಲಿತ ಹೆಸರಿನ ಅರ್ಜಿಗೆ ಕರೆ ಕಡಿಮೆ. ಹೆಸರು ನೋಡಿ ಬಾಗಿಲು ಹಾಕುವ ಕಡೆ 'ಯೋಗ್ಯತೆ' ಎಂಬ ಮಾತು ಬರೀ ಬಣ್ಣ.

ಹಾಗಾದರೆ ಸ್ವಂತ ಉದ್ಯೋಗ ಮಾಡಿ ಅನ್ನುತ್ತಾರೆ. 2005ರ ಆರ್ಥಿಕ ಗಣತಿಯ ಪ್ರಕಾರ ದೇಶದ ಉದ್ದಿಮೆಗಳಲ್ಲಿ ಪರಿಶಿಷ್ಟ ಜಾತಿಯವರ ಒಡೆತನದವು ಶೇಕಡಾ 9.8. 2001ರ ಜನಗಣತಿಯಲ್ಲಿ ಜನಸಂಖ್ಯೆಯ ಪಾಲು ಶೇಕಡಾ 16.2. ನಡುವಿನ ಅಂತರ ಸೋಮಾರಿತನದ್ದಲ್ಲ. ಅದು ಜಮೀನಿಲ್ಲದ, ಜಾಮೀನಿಲ್ಲದ, ಬೀದಿಯ ಮೇಲೆ ಮಳಿಗೆ ಇಲ್ಲದ ಅಂತರ.

ಮನೆಯೇ ಅಂಗಡಿ ಯಾಕಾಯಿತು?

ಮನೆಯಲ್ಲೇ ರಿಪೇರಿ ಶುರು ಮಾಡಿದರೆ ಬಾಡಿಗೆ ಉಳಿಯುತ್ತದೆ ಎಂದು ಪುಸ್ತಕಗಳು ಬರೆಯುತ್ತವೆ. ನಮ್ಮಲ್ಲಿ ಹಲವರಿಗೆ ಮನೆ ಆಯ್ಕೆಯಲ್ಲ. ಪೇಟೆಯಲ್ಲಿ ಮಳಿಗೆ ಕೇಳಲು ಹೋದಾಗ ಮಾತೆಲ್ಲ ಚೆನ್ನಾಗೇ ನಡೆಯುತ್ತದೆ. ಅಡ್ವಾನ್ಸಿನ ಮೊತ್ತವೂ ಆಗುತ್ತದೆ. ಕೊನೆಗೆ ಒಂದು ಪ್ರಶ್ನೆ: "ನೀವು ಯಾವ ಕಡೆಯೋರು ತಮ್ಮಾ?" ಊರು ಹೇಳಿದರೆ ಸಾಲದು, ಬೀದಿ ಕೇಳುತ್ತಾರೆ. ಬೀದಿ ಹೇಳಿದ ಮೇಲೆ ಮಳಿಗೆ ಆಗಲೇ ಯಾರಿಗೋ ಆಗಿಹೋಗಿರುತ್ತದೆ. ನಮ್ಮಲ್ಲಿ ಮೂವರು ಮೂರು ತಾಲೂಕಿನಲ್ಲಿ ಈ ಒಂದೇ ಪ್ರಶ್ನೆ ಕೇಳಿಸಿಕೊಂಡು ವಾಪಸ್ ಬಂದಿದ್ದೇವೆ. ಹೀಗೆ ಮನೆ ಅಂಗಡಿಯಾಯಿತು.

ಆ ಮನೆಯಲ್ಲಿ ಏನಿದೆ? 1979-80ರಲ್ಲಿ ರಾಜ್ಯ ಸರ್ಕಾರ ಭಾಗ್ಯಜ್ಯೋತಿ ತಂದು ಬಡವರ ಮನೆಗೆ ಒಂದು ದೀಪ ಕೊಟ್ಟಿತು. ಒಂದೇ ದೀಪ. ಅಜ್ಜಿಯ ಕಾಲಕ್ಕೆ ಅದು ಬೆಳಕೇ ಹೌದು. ಆದರೆ ಮೂರು ಪಿನ್ನಿನ ಪ್ಲಗ್ಗು, ನೆಲಕ್ಕಿಳಿದ ಅರ್ತಿಂಗು ಇಲ್ಲದ ಮನೆಯಲ್ಲಿ ಕಂಪ್ಯೂಟರು ಬಿಚ್ಚಲಾಗದು. ಆದ್ದರಿಂದ ನಮ್ಮ ರಿಪೇರಿ ಮೊದಲು ಶುರುವಾಗುವುದು ನಮ್ಮ ಮನೆಯ ವೈರಿಂಗಿನಿಂದ. ಅರ್ತಿಂಗು ಹಾಕಿಸುವುದು, ಆಮೇಲೆ ಬೋರ್ಡು ಬರೆಸುವುದು. ಮಲ್ಟಿಮೀಟರು, ಬೆಸುಗೆ ಕಬ್ಬಿಣ, ಸ್ಕ್ರೂಡ್ರೈವರುಗಳು, ಧೂಳೂದುವ ಬ್ಲೋವರು, ಕುಂಚ, ಪರೀಕ್ಷೆಗೆಂದು ಒಂದು ಒಳ್ಳೆಯ ರ‍್ಯಾಮು, ಒಂದು ಒಳ್ಳೆಯ ಎಸ್.ಎಂ.ಪಿ.ಎಸ್. ಶುರು ಮಾಡಲು ಇಷ್ಟು ಸಾಕು. ಸಾಲ ಆಮೇಲೆ ನೋಡಬಹುದು.

ಇನ್ನು ಗಿರಾಕಿಗಳ ಮಾತು. ಕೇರಿಗೆ ಬರಲು ಮನಸ್ಸಿಲ್ಲದವರು ಯಂತ್ರವನ್ನು ಆಟೋದಲ್ಲಿ ಕಳಿಸುತ್ತಾರೆ. ಒಡೆಯ ಬಾರದ ಮನೆಗೆ ಒಡೆಯನ ಲ್ಯಾಪ್‌ಟಾಪು ಬರುತ್ತದೆ. ನಮ್ಮ ಮೇಜಿನ ಮೇಲೆ ರಾತ್ರಿ ಮಲಗುತ್ತದೆ. ಮುಚ್ಚಳ ತೆಗೆದರೆ ಫ್ಯಾನಿನ ರೆಕ್ಕೆಗೆ ಆಯುಧಪೂಜೆಯ ಕುಂಕುಮ ಮೆತ್ತಿಕೊಂಡಿರುತ್ತದೆ. ಕುಂಕುಮ ಒರೆಸಿ ಕಳಿಸುತ್ತೇವೆ. ಯಂತ್ರ ಹೋಗಿ ಮತ್ತೆ ದೇವರ ಪಟದ ಕೆಳಗೆ ಕೂರುತ್ತದೆ. ನಮ್ಮ ಕೈ ಮುಟ್ಟಿದ ಯಂತ್ರಕ್ಕೆ ಮೈಲಿಗೆ ಇಲ್ಲ. ನಾವೇ ಅವರ ಮನೆಗೆ ಹೋದರೆ ಯಂತ್ರ ಜಗಲಿಗೆ ಬರುತ್ತದೆ, ನಾವು ನಡುಮನೆಗೆ ಹೋಗುವಂತಿಲ್ಲ. ಎಲ್ಲರೂ ಹೀಗಲ್ಲ. ಕುರ್ಚಿ ಹಾಕಿ, ಅದೇ ಲೋಟದಲ್ಲಿ ಕಾಫಿ ಕೊಡುವ ಮನೆಗಳೂ ಇವೆ. ಆದರೆ ಅದನ್ನು ದೊಡ್ಡ ಮನಸ್ಸು ಎಂದು ಹೊಗಳಬೇಕಾದ ಸ್ಥಿತಿಯೇ ನಾಚಿಕೆಗೇಡು.

ಇದು ಬರೀ ಮರ್ಯಾದೆಯ ಮಾತಲ್ಲ, ಕಾನೂನಿನ ಮಾತು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ 4ನೇ ಸೆಕ್ಷನ್ನು ಅಸ್ಪೃಶ್ಯತೆಯ ಕಾರಣಕ್ಕೆ ಯಾರದೇ ಕಸುಬು, ವ್ಯಾಪಾರ ನಡೆಸುವುದಕ್ಕೆ ಅಡ್ಡಿ ಮಾಡುವುದನ್ನು ಅಪರಾಧ ಅನ್ನುತ್ತದೆ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಮಾಡಿದ ತಿದ್ದುಪಡಿ ಆರ್ಥಿಕ ಬಹಿಷ್ಕಾರವನ್ನೂ ಅಪರಾಧವಾಗಿಸಿತು. ಈ ಎರಡನ್ನೂ ನಮ್ಮ ರಿಪೇರಿ ಹುಡುಗರು ಮಲ್ಟಿಮೀಟರಿನಷ್ಟೇ ಚೆನ್ನಾಗಿ ಓದಲು ಕಲಿಯಬೇಕು.

ಬಿಲ್ಲು ಬರೆಯುವ ಕೈ

ಮೊದಲು ಹೇಳಿದ ಆಯದ ಮಾತಿಗೆ ಈಗ ಬರೋಣ. ಮನೆಯಲ್ಲಿ ರಿಪೇರಿ ಇಟ್ಟ ತಕ್ಷಣ ಊರಿನ ಹಳೆಯ ಚಾಳಿ ಬಾಗಿಲಿಗೆ ಬರುತ್ತದೆ. "ನಮ್ಮೂರ ಹುಡುಗನೇ ಅಲ್ವೇನೋ, ಸ್ವಲ್ಪ ನೋಡಿಕೊಡು" ಅನ್ನುತ್ತಾರೆ. ನೋಡಿಕೊಟ್ಟರೆ, "ದುಡ್ಡು ಆಮೇಲೆ ಕೊಡ್ತೀನಿ, ಸುಗ್ಗಿ ಆಗಲಿ." ಇದೇ ಮಾತು ಪೇಟೆಯ ಕಂಪನಿ ಅಂಗಡಿಯಲ್ಲಿ ಅವರ ಬಾಯಿಂದ ಬರುವುದಿಲ್ಲ. ಅಲ್ಲಿ ಯಂತ್ರ ಮುಟ್ಟುವ ಮೊದಲೇ ತಪಾಸಣೆಯ ದುಡ್ಡು ಎಣಿಸುತ್ತಾರೆ. ಕಂಪ್ಯೂಟರು ಹೊಸದು, ಕೇಳುವ ದನಿ ಕಣದಂಚಿನ ದನಿ.

ಆದ್ದರಿಂದ ಗೆಳೆಯರಿಗೆ ನಾವು ಹೇಳುವುದು ಇದು. ದರಪಟ್ಟಿಯನ್ನು ಗೋಡೆಗೆ ಅಂಟಿಸಿ. ತಪಾಸಣೆಗೆ ಇಷ್ಟು, ಬೆಸುಗೆಗೆ ಇಷ್ಟು, ವಿಂಡೋಸೋ ಲಿನಕ್ಸೋ ಹಾಕಿಕೊಡಲು ಇಷ್ಟು. ಯಂತ್ರ ತೆಗೆದುಕೊಳ್ಳುವಾಗಲೇ ಒಳಗಿನ ಭಾಗಗಳನ್ನು ಗಿರಾಕಿಯ ಮುಂದೆ ಬರೆದುಕೊಂಡು ಸಹಿ ಹಾಕಿಸಿ. 'ರ‍್ಯಾಮು ಕದ್ದ' ಎಂಬ ಮಾತು ಯಾರ ಮೇಲೆ ಮೊದಲು ಬೀಳುತ್ತದೆ ಎಂದು ಗೊತ್ತಲ್ಲ? ಹಾರ್ಡ್‌ಡಿಸ್ಕಿನಲ್ಲಿರುವ ಫೋಟೋ, ಕಾಗದ ಪತ್ರ ಅವರವು; ಕಣ್ಣೂ ಹಾಯಿಸಬೇಡಿ. ಹತ್ತು ರೂಪಾಯಿಯ ಕೆಲಸಕ್ಕೂ ಬಿಲ್ಲು ಬರೆಯಿರಿ. ಬಿಲ್ಲಿನ ತಲೆಯಲ್ಲಿ ನಿಮ್ಮ ಹೆಸರನ್ನು ಪೂರ್ತಿ ಹಾಕಿ; ಮನೆಯ ವಿಳಾಸ, ಅಂಬೇಡ್ಕರ್ ಕಾಲೋನಿ ಎಂಬುದೂ ಸೇರಿ. 2020ರಿಂದ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಪುಕ್ಕಟೆ. ದಲ್ಲಾಳಿಗೆ ದುಡ್ಡು ಕೊಡಬೇಡಿ. ಒಲ್ಲದ ಕೆಲಸಕ್ಕೆ ಒಲ್ಲೆ ಅನ್ನಿ. ನಮ್ಮ ಮುತ್ತಾತನ ಬಳಿ ಉಳಿ ಇತ್ತು, ವಿದ್ಯೆ ಇತ್ತು, ದುಡಿಮೆ ಇತ್ತು. ಇಲ್ಲದಿದ್ದದ್ದು ಈ ಬಿಲ್ಲು ಪುಸ್ತಕ, ಈ ಒಲ್ಲೆ.

ಎದುರಿಗೆ ದೊಡ್ಡ ಶತ್ರುವೂ ಇದ್ದಾನೆ. ಮುಚ್ಚಳ ಮತ್ತೆ ಮುಚ್ಚುತ್ತಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆಯುತ್ತಾರೆ, ಬ್ಯಾಟರಿಯನ್ನು ಅಂಟಿನಿಂದ ಅಂಟಿಸುತ್ತಾರೆ. ಕೆಟ್ಟರೆ ಎಸೆ, ಹೊಸದು ಕೊಳ್ಳು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಒಂದು ಪೋರ್ಟಲ್ಲನ್ನೂ ತೆರೆಯಿತು. ಪೋರ್ಟಲ್ಲು ಕಾಯಿದೆಯಲ್ಲ. ಎಸೆದ ಯಂತ್ರ ಹೋಗುವುದೆಲ್ಲಿಗೆ? ಡೆಲ್ಲಿಯ ಸೀಲಂಪುರದಂಥ ಕಡೆ ಬಡ ಮುಸಲ್ಮಾನರು, ದಲಿತರು ಬರಿಗೈಯಲ್ಲಿ ಅದನ್ನು ಒಡೆಯುತ್ತಾರೆ, ತಾಮ್ರಕ್ಕಾಗಿ ವೈರು ಸುಡುತ್ತಾರೆ, ಹೊಗೆ ಕುಡಿಯುತ್ತಾರೆ. 2011ರಲ್ಲಿ ಇ-ತ್ಯಾಜ್ಯ ನಿಯಮ ಬಂತು, 2016ರಲ್ಲಿ ಬದಲಾಯಿತು, 2022ರಲ್ಲಿ ಮತ್ತೆ ಬದಲಾಯಿತು. ಹೊಗೆ ಕುಡಿಯುವವರು ಬದಲಾಗಲಿಲ್ಲ. ನಾವು ರಿಪೇರಿ ಮಾಡಿದ ಒಂದೊಂದು ಯಂತ್ರವೂ ಆ ಬೆಂಕಿಗೆ ಹೋಗದೆ ಉಳಿದ ಯಂತ್ರ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಿಡಿಸದ ಲಕ್ಷಾಂತರ ಗಟ್ಟಿ ಯಂತ್ರಗಳು 'ಹಳೆಯವು' ಅನ್ನಿಸಿಕೊಂಡಿವೆ. ಆಫೀಸುಗಳು, ಕಾಲೇಜುಗಳು ಅವನ್ನು ಹರಾಜಿಗೆ ಹಾಕುತ್ತವೆ. ಅವಕ್ಕೆ ಲಿನಕ್ಸು ಹಾಕಿದರೆ ಇನ್ನೂ ಹಲವು ವರ್ಷ ಓಡುತ್ತವೆ, ಕನ್ನಡವನ್ನೂ ಬರೆಯುತ್ತವೆ. ಅವು ನಮ್ಮ ಹಾಸ್ಟೆಲುಗಳಿಗೆ, ಕೇರಿಯ ಓದುವ ಕೋಣೆಗಳಿಗೆ ಬರಬೇಕು.

ಇದಕ್ಕೆ ಮೇಷ್ಟ್ರುಗಳ, ಸಂಘಟನೆಯ ಗೆಳೆಯರ, ವಿದ್ಯಾರ್ಥಿಗಳ ಕೈ ಬೇಕು. ಮೇಷ್ಟ್ರೇ, ನಿಮ್ಮ ಶಾಲೆಯಲ್ಲಿ ಬಟ್ಟೆ ಹೊದ್ದು ಕೂತ ಕಂಪ್ಯೂಟರುಗಳಿದ್ದರೆ ಎಸ್.ಡಿ.ಎಂ.ಸಿ. ಸಭೆಯಲ್ಲಿ ಠರಾವು ಮಾಡಿಸಿ, ರಿಪೇರಿಯ ಕೆಲಸವನ್ನು ಕೇರಿಯ ಹುಡುಗರಿಗೆ, ಹುಡುಗಿಯರಿಗೆ ಬಿಲ್ಲಿನ ಮೇಲೆ ಕೊಡಿ. ಹುಡುಗಿಯರಿಗೆ ಅಂದದ್ದು ಮರೆಯಬೇಡಿ. ಬೆಸುಗೆ ಕಬ್ಬಿಣಕ್ಕೆ ಗಂಡು ಹೆಣ್ಣು ಗೊತ್ತಿಲ್ಲ. ಒಬ್ಬೊಬ್ಬರೇ ಕೊಳ್ಳಲಾಗದ ಸಲಕರಣೆಯನ್ನು ಹೋಬಳಿಗೊಂದರಂತೆ ಸೇರಿ ಕೊಳ್ಳೋಣ. ಎಸ್.ಪಿ. ರೋಡಿಗೆ ವಾರಕ್ಕೊಬ್ಬರು ಹೋಗಿ ಎಲ್ಲರ ಸಾಮಾನು ತರೋಣ. ಸತ್ತ ಯಂತ್ರಗಳಿದ್ದರೆ ಎಸೆಯಬೇಡಿ, ನಮಗೆ ಕೊಡಿ. ಏಪ್ರಿಲ್ 14ರಂದು ಭಾಷಣ ಮುಗಿದ ಮೇಲೆ ಅದೇ ಪೆಂಡಾಲಿನಲ್ಲಿ ಹತ್ತು ಮಕ್ಕಳಿಗೆ ಅವನ್ನು ಬಿಚ್ಚಿ ಜೋಡಿಸುವುದನ್ನು ಕಲಿಸುತ್ತೇವೆ. ಸ್ಕ್ರೂಡ್ರೈವರು ನಾವು ತರುತ್ತೇವೆ.